ಒಂಬತ್ತು ಜನರ ನಡುವೆ ನನ್ನ ನಗು

ಜೂನ್ 3

ಮೊಂಡಿಗೆ,

ಅಜ್ಜಿ ಬರೆಯುತ್ತಿರುವುದು. ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಹಸಿರು ಆ್ಯಪಿನಲ್ಲಿ ನಿನಗೆ ಏನು ಕಳಿಸಿದರೂ ಒಂದೇ ಗೀಟು ಬಿದ್ದು ನಿಲ್ಲುತ್ತದೆ. ಹೊಸ ನೀಲಿ ಆ್ಯಪಿನಲ್ಲಿ ನೀನೇ ಇಲ್ಲ, ‘ಗುಂಪು ಬಿಟ್ಟಿದ್ದಾರೆ’ ಅಂತ ಬೂದು ಅಕ್ಷರದಲ್ಲಿ ತೋರಿಸುತ್ತದೆ. ಫೋನ್ ಮಾಡಿದರೆ ಯಾರೋ ಒಬ್ಬಳು ಬಂದು, ನೀವು ಕರೆ ಮಾಡಿದವರು ಬಿಡುವಾಗಿಲ್ಲ ಅಂತ ಪಾಠ ಒಪ್ಪಿಸುತ್ತಾಳೆ. ಅವಳಿಗೂ ಎರಡು ಮಾತು ಅಂದೆ, ಕೇಳಿಸಿಕೊಳ್ಳಲಿಲ್ಲ. ಉಳಿದದ್ದು ಅಂಚೆ. ನಾಲ್ಕನೇ ಕ್ಲಾಸಿನ ಅಕ್ಷರ, ಸಹಿಸಿಕೋ. ಹಾಳೆ ನಮ್ಮ ಬೈಂಡಿಂಗಿನಲ್ಲಿ ಕತ್ತರಿಸಿ ಉಳಿದ ಅಂಚು, ಅದಕ್ಕೇ ಉದ್ದ ಇದೆ, ಅಗಲ ಇಲ್ಲ.

ನಾನೇನು ಮಾಡಿದೆ ಅಂತ ಈ ಮುನಿಸು? ನನ್ನನ್ನು ಮನೆಯಿಂದ ಮನೆಗೆ ಎಳೆದವರು ನೀವೇ ತಾನೆ. ಮೊದಲು ಹಸಿರಿನಲ್ಲಿ ಕೂರಿಸಿದಿರಿ. ಅಕ್ಷರ ಹುಡುಕಿ ಒತ್ತುವುದು ಕಷ್ಟ ಅಂದಿದ್ದಕ್ಕೆ ಗುಂಡಿ ಅದುಮಿಕೊಂಡು ಮಾತಾಡುವುದನ್ನು ಕಲಿಸಿದೆ. ನಾನು ಅಲ್ಲಿ ಕಾಲು ಚಾಚುವಷ್ಟರಲ್ಲಿ ನೀನು ಫೋಟೋ ಆ್ಯಪಿಗೆ ಹಾರಿದೆ. ಅಲ್ಲಿ ಮಾತೇ ಇಲ್ಲ, ಎಲ್ಲರೂ ಹಲ್ಲು ಕಿಸಿದು ನಿಂತಿರುತ್ತಾರೆ. ಹಲ್ಲು ಸೆಟ್ಟು ಮಾಡುವ ಕೆಲಸ ಕಲಿಯುವವಳಿಗೆ ಅದು ಸರಿ, ನನಗಲ್ಲ. ಈಗ ನಿಮ್ಮ ಚಿಕ್ಕಪ್ಪ, ಹಸಿರಿನ ಗುಂಪು ಮುಚ್ಚುತ್ತೇನೆ, ಎಲ್ಲರೂ ನೀಲಿಗೆ ಬನ್ನಿ ಅಂದ. ಬಂದೆ. ಬರಿಗೈಯಲ್ಲಿ ಬರಲಿಲ್ಲ. ನಾನೂ ನೀನೂ ಮೂರು ವರ್ಷ ಆಡಿದ ಮಾತು, ನನ್ನ ದನಿ, ನಿನ್ನ ದನಿ, ಅಷ್ಟನ್ನೂ ಮೊಬೈಲ್ ಅಂಗಡಿಯವಳ ಕೈಯಲ್ಲಿ ಗಂಟು ಕಟ್ಟಿಸಿ ತಂದು, ನೀಲಿಯಲ್ಲಿ ನಮ್ಮ ಮನೆಯವರ ಗುಂಪಿನೊಳಗೇ ಇರಿಸಿದ್ದೇನೆ. ಒಂದು ಹಾಳೆ ಬಿಟ್ಟಿಲ್ಲ. ಭೇಷ್ ಅಜ್ಜಿ ಅನ್ನುತ್ತೀಯ ಅಂದುಕೊಂಡಿದ್ದೆ. ಮಾರನೇ ದಿನವೇ ನೀನು ಎದ್ದು ಹೋದೆ.

ನಿಮ್ಮಮ್ಮನಿಗೂ ಏನೋ ಆಗಿದೆ. ನಾಲ್ಕು ದಿನದಿಂದ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಟು ಬಳಿಯುತ್ತಾಳೆ. ಇಪ್ಪತ್ತೈದು ವರ್ಷ ಬರಿಗೈಲಿ ಮಾಡಿದವಳು. ಕೇಳಿದರೆ ಚರ್ಮ ಒಡೆದಿದೆ ಅಂದಳು. ಹೊಸ ಅಂಟಿನ ಡಬ್ಬದ ಮೇಲೆ ನನಗೆ ಮೊದಲೇ ಅನುಮಾನ ಇತ್ತು. ಜುಲೈ ಇಪ್ಪತ್ತಕ್ಕೆ ನಿನಗೆ ಸರ್ಟಿಫಿಕೇಟು ಕೊಡುತ್ತಾರಲ್ಲ, ಅದಕ್ಕೆ ಬರಲು ಹೊಸ ಬಟ್ಟೆ ಹೊಲಿಸಿದ್ದಾಳೆ. ಇಂಥಾ ಹೊತ್ತಿನಲ್ಲೇ ಕೈ ಕೆಡಬೇಕಾ.

ಉಬ್ಬಿಸಿದ ಮೂತಿ ಇಳಿಸಿ ಉತ್ತರ ಬರಿ.

ನಿನ್ನ ಅಜ್ಜಿ

*

ಜೂನ್ 11

ಅಜ್ಜಿ,

ನೀನು ಏನು ಮಾಡಿದ್ದೀಯ ಅಂತ ನಿನಗೆ ನಿಜವಾಗಿಯೂ ಗೊತ್ತಿಲ್ಲ ಅಂತ ಕಾಗದ ನೋಡಿದ ಮೇಲೆ ಗೊತ್ತಾಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹಸಿರಿನಲ್ಲಿ ನಾವು ಮಾತಾಡುತ್ತಿದ್ದ ಕಡೆ ನಾವಿಬ್ಬರೇ ಇದ್ದೆವು. ನೀಲಿಯ ಆ ಗುಂಪಿನಲ್ಲಿ ಒಂಬತ್ತು ಜನ. ಗುಂಪಿನಲ್ಲಿ ಇಟ್ಟಿದ್ದನ್ನು ಎಲ್ಲರೂ ಓದಬಹುದು, ಎಲ್ಲರೂ ಕೇಳಬಹುದು. ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ ಮಾವ, ಅವರ ಮಕ್ಕಳು. ಅಮ್ಮ.

ಹೋದ ವರ್ಷ ಅಮ್ಮ ನನ್ನ ಲ್ಯಾಬಿಗೆ ಬಂದ ದಿನ ನಡೆದದ್ದನ್ನು ನಿನಗೆ ಹೇಳಿದ್ದೆ, ನೆನಪಿದೆಯಾ. ನನ್ನ ರೆಕಾರ್ಡ್ ಪುಸ್ತಕ ಬೈಂಡ್ ಮಾಡಿ ತಾನೇ ತಂದುಕೊಟ್ಟಳು. ಅವಳ ಉಗುರಿನ ಸುತ್ತ ಅಂಟು ಒಣಗಿ ಕಪ್ಪಗಾಗಿತ್ತು. ಅವಳು ಮೆಟ್ಟಿಲು ಇಳಿದ ಮೇಲೆ ಪಕ್ಕದ ಮೇಜಿನವಳು ಯಾರೇ ಅದು ಅಂದಳು. ನಮ್ಮ ಮನೇಲಿ ಕೆಲಸಕ್ಕಿರೋರು, ಅಮ್ಮ ಕಳಿಸಿದ್ದಾಳೆ ಅಂದುಬಿಟ್ಟೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ನಿನಗೊಬ್ಬಳಿಗೆ ಹೇಳಿದ್ದೆ.

ಅದು ಈಗ ಆ ಗುಂಪಿನಲ್ಲಿದೆ. ಅದಕ್ಕೆ ನೀನು ಕೊಟ್ಟ ಉತ್ತರವೂ ಇದೆ.

ಅಮ್ಮ ಮೇ ಮೂವತ್ತರಿಂದ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ, ಧೈರ್ಯ ಇಲ್ಲ. ಅವಳು ಓದದೇ ಇರಬಹುದು. ಗುಂಪಿನಲ್ಲಿ ಹಿಂದೆ ಹಿಂದೆ ಹೋಗಿ ನೋಡುವವಳಲ್ಲ. ಅವಳು ಓದಿದ್ದಾಳಾ ಇಲ್ಲವಾ, ಅವಳನ್ನು ಕೇಳದೇ ತಿಳಿದುಕೊಂಡು ಹೇಳು. ಗುಂಪಿಗೆ ಹಾಕಿದವಳು ನೀನು, ನಿನ್ನ ಫೋನಿನಿಂದಲೇ ಅಳಿಸಬೇಕು. ಅದೇ ಅಂಗಡಿಯವಳ ಹತ್ತಿರ ಹೋಗು. ಬೇಗ.

*

ಜೂನ್ 16

ಮೊಂಡಿಗೆ,

ನಿನ್ನ ಕಾಗದ ಬಂತು. ಓದಿದೆ. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದೆ.

ಮೊದಲು ನನ್ನ ಕಡೆಯದನ್ನು ಕೇಳು. ಅಂಗಡಿಯವಳು ಕೇಳಿದ್ದು ನಿಜ. ‘ಅಜ್ಜೀ, ಇದನ್ನ ಯಾವುದರೊಳಗೆ ಹಾಕ್ಲಿ?’

‘ಮನೆಯವರ ಗುಂಪಿದೆಯಲ್ಲ, ಅದಕ್ಕೇ ಹಾಕು.’

‘ಎಲ್ಲಾನೂನಾ? ಬೇರೆ ಇಡೋದು ಬೇಡ್ವಾ?’

‘ನಲವತ್ತು ವರ್ಷ ಪುಸ್ತಕ ಹೊಲಿದವಳು ಕಣೇ ನಾನು. ಬಿಡಿ ಹಾಳೆ ಬಿಟ್ಟು ಕಟ್ಟೋ ಪೈಕಿ ಅಲ್ಲ,’ ಅಂದೆ.

ಅಂಗಡಿಯಲ್ಲಿದ್ದವರು ನಕ್ಕರು. ಜಂಬ ಬಂತು. ಬೈಂಡಿಂಗಿನವರಿಗೆ ಅದೊಂದು ರೋಗ. ಒಂದು ಫರ್ಮಾ ಅಂದರೆ ಹದಿನಾರು ಪುಟದ ಒಂದು ಮಡಿಕೆ, ಅದು ಬಿಟ್ಟುಹೋದರೆ ಇಡೀ ಪುಸ್ತಕ ವಾಪಸು. ನಿಮ್ಮ ತಾತ ಹೊಡೆಯುತ್ತಿದ್ದದ್ದು ಅದೊಂದಕ್ಕೇ. ಯಾವ ಹಾಳೆ ಯಾರು ಓದಲಿಕ್ಕೆ ಅಂತ ನಾವು ಯಾವತ್ತೂ ಕೇಳಿದವರಲ್ಲ. ಬಂದದ್ದನ್ನೆಲ್ಲ ಜೋಡಿಸಿ ಹೊಲಿದೆವು. ಅಲ್ಲೂ ಹಾಗೇ ಮಾಡಿದೆ. ನನ್ನ ಗಂಟು ನನ್ನ ಹೆಸರಿನ ಕೆಳಗೆ, ನನಗೆ ನಿನಗೆ ಮಾತ್ರ ಕಾಣುತ್ತದೆ ಅಂದುಕೊಂಡೆ.

ನಿಮ್ಮಮ್ಮ ಓದಿಲ್ಲ. ಧೈರ್ಯವಾಗಿರು. ಅಂಟಿನ ಕೈಲಿ ಫೋನ್ ಮುಟ್ಟುವವಳಲ್ಲ ಅವಳು. ಪ್ರೆಸ್ಸಿನವರು ಕಳಿಸಿದ ಆರ್ಡರು ನೋಡಿ ‘ಬಂತು’ ಅಂತ ಹೆಬ್ಬೆರಳಿನ ಗುರುತು ಹಾಕುತ್ತಾಳೆ, ಅಷ್ಟೇ ಅವಳ ಫೋನು. ಉಣ್ಣುತ್ತಾಳೆ, ಕೆಲಸ ಮಾಡುತ್ತಾಳೆ, ನನಗೆ ಟೀ ಕೊಡುತ್ತಾಳೆ. ಮೊದಲಿನ ಹಾಗೇ ಇದ್ದಾಳೆ. ಹೊಸ ಬಟ್ಟೆ ಮಾತ್ರ ದರ್ಜಿಗೆ ವಾಪಸು ಕೊಟ್ಟಿದ್ದಾಳೆ. ತೋಳು ಬಿಗಿಯಂತೆ.

ನಾಳೆ ಅಂಗಡಿಗೆ ಹೋಗಿ ಅಳಿಸಿ ಹಾಕಿಸುತ್ತೇನೆ. ಚಿಂತೆ ಬಿಡು.

ಅಜ್ಜಿ

*

ಜೂನ್ 25

ಮಗೂ,

ಹೋದ ಕಾಗದದಲ್ಲಿ ಸುಳ್ಳು ಬರೆದೆ. ಅವಳು ಓದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಓದಿರಬಾರದು ಅಂತ ಇತ್ತು, ಅದನ್ನೇ ಬರೆದೆ.

ನಾಳೆ ಹೋಗುತ್ತೇನೆ ಅಂದವಳು ಐದು ದಿನ ಹೋಗಲಿಲ್ಲ. ಮಂಡಿನೋವು ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹೋದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಚಾರ್ಜರ್ ಕೊಳ್ಳಲು ಬಂದ ಗಂಡ ಹೆಂಡತಿ, ಒಬ್ಬ ಮೇಷ್ಟ್ರು, ಒಬ್ಬಳು ನರ್ಸು. ಅಂಗಡಿಯವಳು ಫೋನು ತೆಗೆದು, ಯಾವುದು ಅಜ್ಜೀ ಅಳಿಸಬೇಕಾದ್ದು ಅಂದಳು. ಎಲ್ಲಾ ಅಂದೆ. ಒಟ್ಟಿಗೆ ಆಗಲ್ಲ, ಆರಿಸಿ ಆರಿಸಿ ಅಳಿಸಬೇಕು, ನೀವೇ ನೋಡ್ತಾ ಹೇಳಿ ಅಂತ ಮೇಲಕ್ಕೆ ಉಜ್ಜುತ್ತಾ ಹೋದಳು. ಅವಳ ಬೆರಳು ಎಲ್ಲೋ ತಾಗಿತು. ನನ್ನ ದನಿ ಹೊರಗೆ ಬಂತು.

ನಿನಗೆ ಕೊಟ್ಟ ಉತ್ತರ ಅದು. ನೀನು ಕಾಗದದಲ್ಲಿ ಬರೆಯಲು ಹೇಸಿದೆ, ನಾನು ಬರೆಯುತ್ತೇನೆ. ‘ಅಯ್ಯೋ ಅದಕ್ಕೇನೀಗ ಬಿಡೇ. ಅವಳ ಕೈ ನೋಡಿದ್ರೆ ಯಾರಾದ್ರೂ ಹಂಗೇ ಅಂದ್ಕೊಳ್ಳೋದು. ಸಂಬಳ ಇಲ್ಲದ ಕೆಲಸದವಳು ಅಂತ ಪೂರ್ತಿ ಹೇಳ್ಬೇಕಿತ್ತು.’ ಆಮೇಲೆ ನಗು. ನಾನು ಅಷ್ಟು ಹೊತ್ತು ನಗುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ನಿಲ್ಲುತ್ತದೆ ಅಂದುಕೊಂಡರೆ ಮತ್ತೆ ಶುರುವಾಗುತ್ತದೆ. ನೀನು ಮಾಡಿಕೊಟ್ಟ ಹಲ್ಲು ಕಟಕಟ ಅನ್ನುವುದೂ ಕೇಳುತ್ತದೆ. ಮೇಷ್ಟ್ರು ಬೀದಿ ಕಡೆ ಮುಖ ತಿರುಗಿಸಿಕೊಂಡರು. ನರ್ಸು ನನ್ನನ್ನೇ ನೋಡಿದಳು.

ಅಂಗಡಿಯವಳು ಅದನ್ನು ಅಳಿಸುವ ಮುಂಚೆ ಹೇಳಿದಳು. ‘ಇಲ್ಲಿ ಯಾರೋ ಹೆಬ್ಬೆರಳು ಹಾಕಿದಾರೆ ಅಜ್ಜೀ.’

ನಿನ್ನ ಮಾತಿನ ಕೆಳಗೆ ಒಂದು. ನನ್ನ ನಗುವಿನ ಕೆಳಗೆ ಒಂದು. ಮುಟ್ಟಿ ನೋಡಿದಳು. ನಿಮ್ಮಮ್ಮನ ಹೆಸರು ಬಂತು. ಮೂರು ವರ್ಷದ ಗಂಟಿನಲ್ಲಿ ಇನ್ನೆಲ್ಲೂ ಒಂದು ಗುರುತಿಲ್ಲ, ಆ ಎರಡಕ್ಕೇ. ಪ್ರೆಸ್ಸಿನ ಆರ್ಡರಿಗೆ ಹಾಕುವ ಹಾಗೆ. ಬಂತು, ತಲುಪಿತು.

ಎಲ್ಲ ಅಳಿಸಿಯಾಯಿತು. ಒಂದೂವರೆ ಗಂಟೆ ಹಿಡಿಯಿತು. ಫೋನು ತಂದು ರಟ್ಟಿನ ಚೂರಿನ ಡಬ್ಬಕ್ಕೆ ಹಾಕಿದೆ. ಈಗ ಗೊತ್ತಾಯಿತು ಗ್ಲೌಸು ಯಾಕೆ ಅಂತ. ದಿನಾ ಸಾಯಂಕಾಲ ಬಚ್ಚಲಲ್ಲಿ ಕಲ್ಲು ತಗೊಂಡು ಉಗುರು ಉಜ್ಜುತ್ತಾಳೆ. ನೀರಿನ ಸದ್ದಿನ ಮಧ್ಯೆ ಆ ಸದ್ದು ಕೇಳುತ್ತದೆ. ನಾನು ಈಚೆ ಕೂತು ಟೀ ಕುಡಿಯುತ್ತಿರುತ್ತೇನೆ, ಅವಳೇ ಮಾಡಿಕೊಟ್ಟಿದ್ದು.

ಬೈಯಬೇಕಿದ್ದರೆ ಬೈದು ಬರಿ.

*

ಜುಲೈ 3

ಅಜ್ಜಿ,

ನಿನ್ನನ್ನು ಬೈಯಲು ಕೂತೆ, ಆಗಲಿಲ್ಲ. ಮೊದಲು ಆ ಮಾತು ಆಡಿದವಳು ನಾನು.

ಅಮ್ಮನಿಗೆ ಹಸಿರಿನಲ್ಲಿ ‘ಅಮ್ಮ’ ಅಂತ ಬರೆದು ಅಳಿಸಿದೆ. ಅದು ಅವಳು ದಿನಾ ‘ಊಟ ಆಯ್ತಾ’ ಅಂತ ಕೇಳುತ್ತಿದ್ದ ಜಾಗ, ಅಲ್ಲಿ ಇದನ್ನು ಹೇಗೆ ಬರೆಯಲಿ ಅನ್ನಿಸಿತು. ಫೋಟೋ ಆ್ಯಪಿಗೆ ಹೋದೆ. ಅಲ್ಲಿ ಅವಳು ನನ್ನ ಒಂದೊಂದು ಫೋಟೋಗೂ ಹೂವು ಹಾಕಿದ್ದಾಳೆ. ನಾನು ಒಂದಕ್ಕೂ ಉತ್ತರ ಕೊಟ್ಟಿಲ್ಲ, ಗೆಳತಿಯರು ನೋಡುತ್ತಾರೆ ಅಂತ. ಅಲ್ಲೂ ಅಳಿಸಿದೆ. ಕೊನೆಗೆ ಬರೀ ಮೆಸೇಜಿನಲ್ಲಿ, ಬ್ಯಾಂಕಿನವರೂ ಕೊರಿಯರಿನವರೂ ಬರೆಯುವ ಕಡೆ, ‘ಕ್ಷಮಿಸು’ ಅಂತ ಬರೆದೆ. ಕೊರಿಯರಿನವರು ತಡವಾಗಿದ್ದಕ್ಕೆ ಕೇಳಿದ ಹಾಗಿತ್ತು. ಅದನ್ನೂ ಅಳಿಸಿದೆ.

ನಿನಗೆ ಹೇಳದ ಇನ್ನೊಂದು ಇದೆ. ಹೋದ ತಿಂಗಳು ನಮ್ಮ ದೊಡ್ಡ ಮೇಡಂ ನನ್ನ ರೆಕಾರ್ಡ್ ಪುಸ್ತಕ ತೆರೆದು, ಎಷ್ಟು ಚೆನ್ನಾಗಿ ತೆರೆದುಕೊಳ್ಳುತ್ತೆ, ಎಲ್ಲಿ ಕಟ್ಟಿಸಿದೆ ಅಂದರು. ಯಾವುದೋ ಅಂಗಡಿ ಅಂದೆ. ಅಂದರೆ ಅಮ್ಮನನ್ನು ಮುಚ್ಚಿಟ್ಟದ್ದು ಎರಡು ಸಲ ಅಜ್ಜಿ.

ಅಮ್ಮ ಇಪ್ಪತ್ತಕ್ಕೆ ಬರದಿದ್ದರೆ ಪರವಾಗಿಲ್ಲ ಅಂತ ಅವಳಿಗೆ ಹೇಳು. ಬಸ್ಸು ದೂರ, ಸೆಕೆ. ನಾನು ಹೇಳಿದೆ ಅಂತ ಹೇಳಬೇಡ.

*

ಜುಲೈ 10

ಮೊಂಡಿಗೆ,

ನೀನು ಹೇಳಬೇಡ ಅಂದದ್ದನ್ನು ಹೇಳಿದೆ. ಸೆಕೆಯಂತೆ. ಬರಲಿ ಅಂತ ಪ್ರಾಣ ಬಿಡುವವಳು ಸೆಕೆಯ ಕತೆ ಕಟ್ಟುತ್ತೀಯ.

ನಿನ್ನೆ ಬೆಳಿಗ್ಗೆ ಅವಳ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಕಣ್ಣು ಮಂಜಾದ ಮೇಲೆ ನಾಲ್ಕು ವರ್ಷ ನಾನು ಮಡಿಕೆಗೆ ಕೂತಿಲ್ಲ. ಶಾಲೆಯ ಹಾಜರಿ ಪುಸ್ತಕದ ರಾಶಿ ಇತ್ತು. ಕೇಳದೇ ಫರ್ಮಾ ಜೋಡಿಸತೊಡಗಿದೆ. ಅವಳು ಸೂಜಿಗೆ ದಾರ ಹಾಕುತ್ತಿದ್ದಳು, ಗ್ಲೌಸಿನ ಕೈಗೆ ದಾರ ಸಿಕ್ಕುತ್ತಿರಲಿಲ್ಲ.

‘ಅತ್ತೆ, ಆರನೇದಕ್ಕಿಂತ ಮುಂಚೆ ಏಳು ಇಟ್ಟಿದೀರಿ,’ ಅಂದಳು.

‘ಎಲ್ಲಿ ಏನು ಇಡಬೇಕು ಅಂತ ನನಗೆ ತಿಳಿಯಲ್ಲ ಅಂತ ನಿನಗೆ ಗೊತ್ತಾಗಿದೆಯಲ್ಲ.’

ನಾನೇ ಮುಂದುವರಿಸಿದೆ. ಅಂಗಡಿಗೆ ಹೋಗಿದ್ದು, ಹೆಬ್ಬೆರಳು ನೋಡಿದ್ದು, ಎಲ್ಲ ಹೇಳಿದೆ. ಮಗು ಅದನ್ನು ಹೇಳುವಾಗ ಅತ್ತಿದ್ದಳು, ಚಿಕ್ಕದು, ಮನಸ್ಸಿಗೆ ಹಾಕ್ಕೋಬೇಡ, ಅಂತ ನಿನ್ನ ಪರ ವಕೀಲಿಕೆ ಮಾಡಿದೆ. ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮಾತಾಡಿದೆ ಅನ್ನು.

ಅವಳು ದಾರ ಕೆಳಗಿಟ್ಟಳು.

‘ಅತ್ತೆ, ಅವಳು ಅಂದಿದ್ದು ನನಗೆ ಅರ್ಥ ಆಗುತ್ತೆ. ಅವಳ ವಯಸ್ಸಲ್ಲಿ ನಮ್ಮಪ್ಪ ಸೈಕಲ್ ಪಂಚರ್ ಹಾಕ್ತಾರೆ ಅಂತ ನಾನೂ ಯಾರಿಗೂ ಹೇಳ್ತಿರಲಿಲ್ಲ. ಅವಳಿಗೆ ನಾಚಿಕೆ ಆಯ್ತು, ಅತ್ತಳು. ಆ ಅಳು ನಾನೂ ಕೇಳಿದೆ.’

‘ಮತ್ತೆ?’

‘ನಿಮಗೆ ನಗು ಬಂತಲ್ಲ.’

ಅಷ್ಟೇ. ದಾರ ಮತ್ತೆ ಕೈಗೆತ್ತಿಕೊಂಡು ಅಂದಳು, ‘ಈ ಕೆಲಸ ನನಗೆ ಕಲಿಸಿದೋರು ನೀವು. ಹತ್ತೊಂಬತ್ತು ವರ್ಷಕ್ಕೆ ಈ ಮನೆಗೆ ಬಂದಾಗ ನನ್ನ ಕೈಲಿ ಅಂಟು ಇರಲಿಲ್ಲ.’

ಆಗ ನಾನು ನನ್ನ ಕೈ ನೋಡಿಕೊಂಡೆ. ಎಷ್ಟು ಬೆಳ್ಳಗಿದೆ ಅಂತೀಯ. ನಾಲ್ಕು ವರ್ಷದಲ್ಲಿ ಎಲ್ಲ ಕಲೆ ಹೋಗಿದೆ. ಅವಳು ಕೂತು ದುಡಿದದ್ದಕ್ಕೆ ನನ್ನದು ಹೋಗಿದೆ. ನಿಮ್ಮಪ್ಪ ಹೋದ ಮೇಲೆ ಈ ಅಂಗಡಿ ಮುಚ್ಚಿ ತವರಿಗೆ ನಡೆದಿದ್ದರೆ ಅವಳನ್ನು ತಡೆಯುವವರು ಯಾರಿದ್ದರು. ಕೈ ಮಡಿಲಲ್ಲಿ ಬಚ್ಚಿಟ್ಟುಕೊಂಡೆ.

‘ಇಪ್ಪತ್ತಕ್ಕೆ ಹೋಗ್ತೀಯಾ?’ ಅಂದೆ.

‘ಅವಳು ಕರೀಲಿ. ಹಸಿರಲ್ಲಾದ್ರೂ ಕರೀಲಿ, ನೀಲೀಲಾದ್ರೂ ಕರೀಲಿ. ನಿಮ್ಮ ಕೈಲಿ ಹೇಳಿ ಕಳಿಸೋದು ಬೇಡ.’

ಕೇಳಿಸಿತಾ ಮೊಂಡಿ? ನಿಮ್ಮಿಬ್ಬರ ನಡುವೆ ಕೊಳಾಯಿ ಹಾಗೆ ನಾನು ಕೂತಿದ್ದೆ. ಅವಳ ಮಾತು ನನ್ನಿಂದ ನಿನಗೆ, ನಿನ್ನದು ನನ್ನಿಂದ ಅವಳಿಗೆ, ಮಧ್ಯೆ ನನ್ನ ಖಾರ ಸೇರಿಸಿ. ಅದರಲ್ಲಿ ನನಗೊಂದು ದೊಡ್ಡಸ್ತಿಕೆ ಇತ್ತು. ಇನ್ನು ಸಾಕು. ಅವಳು ಹೇಗಿದ್ದಾಳೆ ಅಂತ ನನ್ನನ್ನು ಕೇಳಿದರೆ ಉತ್ತರ ಬರೆಯುವುದಿಲ್ಲ. ಅವಳಿಗೆ ಫೋನ್ ಮಾಡು.

ಅಜ್ಜಿ

*

ಜುಲೈ 22

ಅಜ್ಜಿ,

ನೀನು ಕೇಳದಿದ್ದರೂ ಹೇಳುತ್ತೇನೆ, ಅಮ್ಮ ಬಂದಳು.

ಹದಿನಾಲ್ಕಕ್ಕೆ ಫೋನ್ ಮಾಡಿದೆ. ಯಾವ ಆ್ಯಪೂ ಅಲ್ಲ, ಬರೀ ಫೋನು. ‘ಅಮ್ಮ, ಇಪ್ಪತ್ತಕ್ಕೆ ಬಾ,’ ಅಂದೆ. ಅವಳು, ‘ಬಂದ್ರೆ ಯಾರು ಅಂತ ಹೇಳ್ತೀಯ?’ ಅಂದಳು. ಕೋಪದಲ್ಲಿ ಅಲ್ಲ ಅಜ್ಜಿ, ಯಾವ ಬಸ್ಸು ಹತ್ತಲಿ ಅಂತ ಕೇಳುವ ಹಾಗೆ ಕೇಳಿದಳು. ಅದಕ್ಕೇ ಅಳು ತಡೆಯಲಾಗಲಿಲ್ಲ.

ಕೈಗೆ ಬಟ್ಟೆಯ ಗ್ಲೌಸ್ ಹಾಕಿಕೊಂಡು ಬಂದಿದ್ದಳು. ಆ ಸೆಕೆಯಲ್ಲಿ. ಮೇಡಂ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ, ‘ಇವರು ನಮ್ಮಮ್ಮ. ಆ ರೆಕಾರ್ಡ್ ಪುಸ್ತಕ ಕಟ್ಟಿದೋರು ಇವರೇ. ಅವತ್ತು ನಿಮಗೆ ಸುಳ್ಳು ಹೇಳಿದ್ದೆ.’ ಕೊನೆಯ ಮಾತಿಗೆ ಅಮ್ಮ ನನ್ನ ಕಾಲು ತುಳಿದಳು. ಪಕ್ಕದ ಮೇಜಿನವಳು ಅಲ್ಲೇ ಇದ್ದಳು. ಅವಳು ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟ ಇನ್ನೂ ಹೋಗಿಲ್ಲ.

ಮೇಡಂ ಪುಸ್ತಕ ತರಿಸಿ, ಈ ಬೆನ್ನಿನ ಹೊಲಿಗೆ ಹೇಗೆ ಹಾಕಿದಿರಿ ಅಂತ ಕೇಳಿದರು. ಅಮ್ಮ ತೋರಿಸಲು ಹೋದಳು, ಬಟ್ಟೆ ಬೆರಳಿಗೆ ಹಾಳೆ ಸಿಗಲಿಲ್ಲ. ಗ್ಲೌಸ್ ತೆಗೆದು ನನ್ನ ಕೈಗೆ ಕೊಟ್ಟು ತೋರಿಸಿದಳು. ವಾಪಸು ಕೇಳಲಿಲ್ಲ. ನನ್ನ ಹತ್ತಿರವೇ ಇದೆ.

ನಿನ್ನ ವಿಷಯ ನಾನು ಎತ್ತಿದೆ. ಅವಳು ಮಾತು ತಿರುಗಿಸಿ, ಊರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದಳು.

*

ಆಗಸ್ಟ್ 2

ಮೊಂಡಿಗೆ,

ನಿಮ್ಮಮ್ಮ ನಿನ್ನ ಹತ್ತಿರ ಎರಡು ದಿನ ಉಳಿದಳಲ್ಲ, ಆಗ ಡಬ್ಬದಿಂದ ಫೋನು ತೆಗೆದೆ. ಚಾರ್ಜು ಮಾಡಿಕೊಂಡು ನೀಲಿಯ ಆ ಗುಂಪಿಗೆ ಹೋದೆ. ನೀನಿಲ್ಲ ಅಲ್ಲಿ, ಎಂಟು ಜನ. ಅವಳೊಬ್ಬಳಿಗೇ ಹೇಳೋಣ ಅಂತ ಮೊದಲು ಅಂದುಕೊಂಡಿದ್ದೆ. ಬೈದದ್ದು ಎಲ್ಲರ ಕಿವಿಗೆ ಬಿದ್ದು, ತಪ್ಪಾಯ್ತು ಅನ್ನುವುದು ಅವಳೊಬ್ಬಳ ಕಿವಿಗೆ ಬಿದ್ದರೆ, ಅದೂ ಒಂದು ಮೋಸವೇ ಅನ್ನಿಸಿತು. ಗುಂಡಿ ಅದುಮಿದೆ. ಮಾತು ಮೊದಲೇ ಬರೆದಿಟ್ಟುಕೊಂಡಿದ್ದೆ, ಚಾಲಾಕು ಮಾಡಬಾರದು ಅಂತ.

‘ಎಲ್ಲರೂ ಕೇಳಿ. ನನ್ನ ಸೊಸೆಯನ್ನು ಸಂಬಳ ಇಲ್ಲದ ಕೆಲಸದವಳು ಅಂತ ನಾನು ಅಂದೆ, ನಕ್ಕೆ. ನೀವೆಲ್ಲ ಕೇಳಿದ್ದೀರಿ. ಯಾರೂ ನನ್ನನ್ನು ಕೇಳಲಿಲ್ಲ, ನಿಮಗೂ ನಗು ಬಂದಿತೋ ಏನೋ. ನಾನು ಉಣ್ಣುವುದು ಅವಳ ದುಡಿಮೆ. ಅವಳ ಕೈಯ ಅಂಟು ನಾನು ಹಚ್ಚಿದ್ದು. ನನಗೆ ನಾಚಿಕೆಯಾಗಿದೆ.’

ಅಷ್ಟೇ. ಕಟಕಟ ಅನ್ನಬಾರದು ಅಂತ ಹಲ್ಲು ತೆಗೆದಿಟ್ಟು ಹೇಳಿದೆ. ಅದರಿಂದ ಅರ್ಧ ಮಾತು ಗಾಳಿಗೆ ಹೋಗಿರಬಹುದು.

ನಿಮ್ಮ ಚಿಕ್ಕಪ್ಪ ಮಾತ್ರ ಹಸಿರಿಗೆ ಓಡಿಬಂದು, ನನಗೊಬ್ಬಳಿಗೇ, ‘ಅಮ್ಮಾ, ಇದೆಲ್ಲ ಗುಂಪಲ್ಲಿ ಬೇಕಿತ್ತಾ’ ಅಂತ ಬರೆದ. ಅದು ನಡೆದದ್ದು ಅಲ್ಲೇ ಕಣೋ ಅಂದೆ.

ಅವಳು ಮನೆಗೆ ಬಂದಳು. ಕೈಕಾಲು ತೊಳೆದಳು. ನಿನ್ನ ಸರ್ಟಿಫಿಕೇಟಿನ ಫೋಟೋ ಗೋಡೆಗೆ ಹಾಕಿದಳು. ನನ್ನ ಹತ್ತಿರ ಆ ಸುದ್ದಿ ಎತ್ತಲಿಲ್ಲ. ಅವತ್ತೂ ಇಲ್ಲ, ಮಾರನೇ ದಿನವೂ ಇಲ್ಲ. ಟೀ ಕೊಟ್ಟಳು. ನಾನು ಫೋನು ನೋಡುತ್ತಾ ಕೂರುವುದು, ಅವಳು ಬಂದರೆ ಮಡಿಲಿಗೆ ಹಾಕಿಕೊಳ್ಳುವುದು, ಪರೀಕ್ಷೆಯ ರಿಸಲ್ಟು ಕಾಯುವವರ ಹಾಗೆ. ಈ ವಯಸ್ಸಿಗೆ ಇದೂ ಆಯಿತು.

ಒಂಬತ್ತನೇ ದಿನ, ಮೊನ್ನೆ, ಬೆಳಿಗ್ಗೆ ಅವಳು ಅಂಟಿನ ಡಬ್ಬ ತೆರೆದು ಕೂತಳು. ಬರಿಗೈ. ಪ್ರೆಸ್ಸಿನಿಂದ ಏನೋ ಬಂತು ಅಂತ ಫೋನು ತೆಗೆದಳು. ಒರಗಿಕೊಂಡು ಏನೋ ಒತ್ತಿದಳು, ಇನ್ನೊಂದು ಸಲ ಒತ್ತಿದಳು, ಕೆಳಗಿಟ್ಟಳು. ನನ್ನ ಮಡಿಲಲ್ಲಿ ಫೋನು ನಡುಗಿತು.

ನನ್ನ ಮಾತಿನ ಕೆಳಗೆ ಒಂದು ಹೆಬ್ಬೆರಳು.

ಕ್ಷಮಿಸಿದೆ ಅಂತ ಅಲ್ಲ ಅದು. ಇಪ್ಪತ್ತೈದು ವರ್ಷ ಅವಳ ಎದುರು ಕೂತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವಾ. ಬಂತು, ತಲುಪಿತು, ಅಂತ. ಪ್ರೆಸ್ಸಿನವರಿಗೂ ಅವಳು ಹಾಗೇ ಹಾಕುವುದು. ಹಾಕಿದ ಮೇಲೆ ಕೆಲಸ ಯಾವತ್ತು ಮುಗಿಯುತ್ತದೆ ಅನ್ನುವುದು ಅವಳಿಗೆ ಬಿಟ್ಟದ್ದು.

ನಾನು ಮಣೆ ಎಳೆದುಕೊಂಡು ಎದುರಿಗೆ ಕೂತೆ. ಅವಳು ಹಾಳೆಯ ರಾಶಿಯನ್ನು ನನ್ನ ಕಡೆ ತಳ್ಳಿ, ‘ನಂಬರ್ ನೋಡ್ಕೊಂಡು ಇಡಿ ಅತ್ತೆ,’ ಅಂದಳು.

ನೋಡಿಕೊಂಡೇ ಇಡುತ್ತಿದ್ದೇನೆ.

ಅಜ್ಜಿ